ಹಳೆಯ ಜೀಪುಗಳ ಚಾಲನಪಂಕ್ತಿಯ ಶಬ್ದದೋಷಗಳು

ಚಾಲನಪಂಕ್ತಿಯ ಶಬ್ದದೋಷವೆಂದರೆ, ಗೇರ್‌ಬಾಕ್ಸಿನಿಂದ ಹೊರಟ ಶಕ್ತಿಯನ್ನು ಚಕ್ರಗಳವರೆಗೆ ಒಯ್ಯುವ ಶಾಫ್ಟು, ಜಾಯಿಂಟು, ಗೇರು, ಬೇರಿಂಗುಗಳ ಸಾಲಿನಲ್ಲಿ ಸವೆತದಿಂದಲೋ ಸಡಿಲಿಕೆಯಿಂದಲೋ ತಪ್ಪು ಜೋಡಣೆಯಿಂದಲೋ ಎಣ್ಣೆಯ ಅಭಾವದಿಂದಲೋ ಹುಟ್ಟಿ, ವಾಹನದ ವೇಗಕ್ಕಾಗಲಿ ಹೊರೆಗಾಗಲಿ ಅನುಸಾರವಾಗಿ ಏರಿಳಿಯುವ ಅಸಹಜ ಧ್ವನಿ. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ ವಾಹನದಲ್ಲಿ ಈ ಸಾಲು ಹಿಂದಕ್ಕೊಂದು ಮುಂದಕ್ಕೊಂದು ಎಂದು ಕವಲೊಡೆಯುವುದರಿಂದ, ಶಬ್ದದ ಮೂಲಗಳು ಇಮ್ಮಡಿಯಾಗುವುದಲ್ಲದೆ, ಲೋಹದ ಚಾಸಿಯ ಮೂಲಕ ಧ್ವನಿಯು ಸಂಚರಿಸಿ, ಹುಟ್ಟಿದ ಸ್ಥಳದಲ್ಲಿ ಕೇಳಿಸದೆ ಬೇರೆಡೆ ಕೇಳಿಸುವುದೂ ಉಂಟು. ಪ್ರಸ್ತುತ ಲೇಖನವು ಪಟ್ಟಿಸ್ಪ್ರಿಂಗುಗಳ ಮೇಲೆ ಕುಳಿತ ಅಖಂಡ ಆಕ್ಸಲುಗಳನ್ನೂ, ಬೇಕಾದಾಗ ಮಾತ್ರ ಮುಂಚಕ್ರಗಳನ್ನು ಕೂಡಿಸಿಕೊಳ್ಳುವ ವ್ಯವಸ್ಥೆಯನ್ನೂ ಹೊಂದಿರುವ ವಿಲ್ಲಿಸ್ ಹಾಗೂ ಮಹೀಂದ್ರಾ ಜೀಪುಗಳನ್ನು ಮುಖ್ಯವಾಗಿ ಗಮನದಲ್ಲಿರಿಸಿಕೊಂಡಿದೆ.

ಉಗಮ

ಅಮೆರಿಕದ ಓಹಾಯೋ ಸಂಸ್ಥಾನದ ಟೊಲೀಡೊ ನಗರದಲ್ಲಿದ್ದ ವಿಲ್ಲಿಸ್-ಓವರ್‌ಲ್ಯಾಂಡ್ ಸಂಸ್ಥೆಯು 1941ರಿಂದ 1945ರ ಪರ್ಯಂತ ಸೈನ್ಯಕ್ಕಾಗಿ ನಿರ್ಮಿಸಿದ ಎಂಬಿ ಮಾದರಿಯೂ, ಅದೇ ನಕ್ಷೆಯನ್ನನುಸರಿಸಿ ಫೋರ್ಡ್ ಸಂಸ್ಥೆ ತಯಾರಿಸಿದ ಜಿಪಿಡಬ್ಲ್ಯು ಮಾದರಿಯೂ ಈ ವರ್ಗದ ವಾಹನಗಳಿಗೆ ಮೂಲಪ್ರತಿಗಳಾದುವು. ಯುದ್ಧವು ಮುಗಿದ ವರ್ಷವೇ ಸಾರ್ವಜನಿಕರಿಗಾಗಿ ಸಿಜೆ-2ಎ ಎಂಬುದೂ, 1953ರಲ್ಲಿ ಎತ್ತರದ ಬಾನೆಟ್ಟಿನ ಸಿಜೆ-3ಬಿ ಎಂಬುದೂ ಹೊರಬಂದುವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಕೈಗೊಂಡ ಮಹೀಂದ್ರಾ ಸಂಸ್ಥೆಯು ತರುವಾಯ ಸಿಜೆ-3ಬಿಯ ವಂಶಕ್ಕೆ ಸೇರಿದ ಅನೇಕ ಮಾದರಿಗಳನ್ನು ದಶಕಗಳ ಕಾಲ ತಯಾರಿಸಿತು. ಕೊಡಗು, ಚಿಕ್ಕಮಗಳೂರುಗಳ ಕಾಫಿತೋಟಗಳಲ್ಲಿಯೂ ಮಲೆನಾಡಿನ ಕಚ್ಚಾರಸ್ತೆಗಳಲ್ಲಿಯೂ ಇಂದಿಗೂ ಓಡುತ್ತಿರುವ ಹಳೆಯ ಜೀಪುಗಳಲ್ಲಿ ಬಹುಪಾಲು ಈ ಸಂತತಿಯವೇ.

ಈ ಚಾಲನಪಂಕ್ತಿಯ ಅಂಗಗಳಿಗೆ ಜೀಪಿಗಿಂತ ಹಳೆಯ ಚರಿತ್ರೆಯುಂಟು. ಓರೆಯಾಗಿ ಕೂಡುವ ಎರಡು ಶಾಫ್ಟುಗಳ ನಡುವೆ ತಿರುಗುಬಲವನ್ನು ಸಾಗಿಸುವ ಜಾಯಿಂಟಿಗೆ ಇಟಲಿಯ ಕಾರ್ಡಾನೋ, ಇಂಗ್ಲೆಂಡಿನ ರಾಬರ್ಟ್ ಹುಕ್ ಇವರ ಹೆಸರುಗಳು ಅಂಟಿಕೊಂಡಿವೆ. ಅದನ್ನು ಮೋಟಾರು ವಾಹನಕ್ಕೆ ಒಗ್ಗುವಂತೆ ಮುಚ್ಚಿದ ರೂಪಕ್ಕೆ ತಂದು 1903ರಲ್ಲಿ ಪೇಟೆಂಟು ಪಡೆದವನು ಕ್ಲಾರೆನ್ಸ್ ಸ್ಪೈಸರ್. ಆಕ್ಸಲಿನೊಳಗಿನ ಚಿಕ್ಕ ಗೇರಾದ ಪಿನಿಯನ್ನಿನ ಅಕ್ಷವು, ಅದು ತಿರುಗಿಸುವ ಕ್ರೌನ್ ಚಕ್ರದ ಕೇಂದ್ರಕ್ಕಿಂತ ಕೆಳಗೆ ಸರಿದಿರುವ ಹೈಪಾಯ್ಡ್ ಗೇರುಗಳು 1920ರ ದಶಕದ ಉತ್ತರಾರ್ಧದಲ್ಲಿ ಪ್ಯಾಕಾರ್ಡ್ ಕಾರುಗಳಲ್ಲಿ ಬಳಕೆಗೆ ಬಂದುವು. ಇವುಗಳ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಜಾರುವುದರಿಂದ ನಿಶ್ಶಬ್ದತೆ ಹೆಚ್ಚು. ಅದೇ ಜಾರುವಿಕೆಯ ದೆಸೆಯಿಂದ ಎಣ್ಣೆಯ ಗುಣಮಟ್ಟವನ್ನು ಅವು ಕಟ್ಟುನಿಟ್ಟಾಗಿ ಬೇಡುತ್ತವೆ.

ರಚನೆ

ಗೇರ್‌ಬಾಕ್ಸಿನ ಹಿಂಬದಿಗೆ ಟ್ರಾನ್ಸ್‌ಫರ್ ಕೇಸ್ ಅಂಟಿಕೊಂಡಿರುತ್ತದೆ. ಅಲ್ಲಿಂದ ಒಂದು ಪ್ರೊಪೆಲ್ಲರ್ ಶಾಫ್ಟು ಹಿಂದಿನ ಆಕ್ಸಲಿಗೂ ಮತ್ತೊಂದು ಮುಂದಿನ ಆಕ್ಸಲಿಗೂ ಹೋಗುತ್ತವೆ. ಪ್ರತಿ ಶಾಫ್ಟಿನ ಎರಡು ಕೊನೆಗಳಲ್ಲಿಯೂ, ಕ್ರಾಸ್ ಜಾಯಿಂಟುಗಳೆಂದು ಕರೆಯಲ್ಪಡುವ ಮೇಲೆ ಹೇಳಿದ ಬಗೆಯ ಜಾಯಿಂಟುಗಳಿದ್ದು, ಸ್ಪ್ರಿಂಗು ಕುಣಿದಾಗ ಶಾಫ್ಟಿನ ಉದ್ದವು ಹೆಚ್ಚುಕಡಿಮೆಯಾಗಲು ಅನುಕೂಲಿಸುವಂತೆ ನಡುವೆ ಜಾರುವ ಸ್ಪ್ಲೈನು ಇರುತ್ತದೆ. ಆಕ್ಸಲಿನ ಹೌಸಿಂಗಿನೊಳಗೆ ಕ್ರೌನ್ ಮತ್ತು ಪಿನಿಯನ್, ಡಿಫರೆನ್ಷಿಯಲ್, ಆಕ್ಸಲ್ ಶಾಫ್ಟುಗಳು, ಕೊನೆಯಲ್ಲಿ ಹಬ್ಬು ಹಾಗೂ ಚಕ್ರದ ಬೇರಿಂಗುಗಳು ಇವೆ. ಮುಂದಿನ ಆಕ್ಸಲಿನಲ್ಲಿ, ಚಕ್ರವು ಪಕ್ಕಕ್ಕೆ ಹೊರಳಿದಾಗಲೂ ಶಕ್ತಿ ತುಂಡಾಗದಂತೆ ಚಕ್ರವನ್ನು ಹೊರಳಿಸುವ ಗೆಣ್ಣಾದ ನಕಲ್ಲಿನೊಳಗೆ ಮತ್ತೊಂದು ಜಾಯಿಂಟು ಬೇಕಾಗುವುದರಿಂದ, ಯುದ್ಧಕಾಲದ ಜೀಪುಗಳಲ್ಲಿ ರ್ಜೆಪ್ಪಾ, ಬೆಂಡಿಕ್ಸ್, ಟ್ರ್ಯಾಕ್ಟಾ, ಸ್ಪೈಸರ್ ಎಂಬ ನಾನಾ ಬಗೆಗಳು ಬಳಕೆಯಾದುವು.

ವಿಲ್ಲಿಸ್ ವಂಶದ ಜೀಪುಗಳಲ್ಲಿರುವ ಸ್ಪೈಸರ್ 18 ಎಂಬ ಟ್ರಾನ್ಸ್‌ಫರ್ ಕೇಸಿನ ಒಂದು ವಿಶೇಷವನ್ನು ಇಲ್ಲಿಯೇ ಹೇಳಿಬಿಡಬೇಕು. ಅದರ ಹೊರಹೋಗುವ ಶಾಫ್ಟು ಗೇರ್‌ಬಾಕ್ಸಿನ ನೇರದಲ್ಲಿಲ್ಲದೆ ಬಲಕ್ಕೆ ಸರಿದಿದೆ. ಆದಕಾರಣ ಹೈ ಗೇರಿರಲಿ ಲೋ ಗೇರಿರಲಿ, ಎರಡು ಚಕ್ರದ ಚಾಲನೆಯಿರಲಿ ನಾಲ್ಕರದಿರಲಿ, ಶಕ್ತಿಯು ಮಧ್ಯಂತರ ಗೇರನ್ನು ಹಾದೇ ಹೋಗಬೇಕು. ಹೈ ಗೇರಿನಲ್ಲಿ ಶಕ್ತಿಯು ನೇರವಾಗಿ ಹರಿದುಹೋಗುವ, ಮುಂದಿನ ಕಾಲದ ಡಾನಾ 20ರಂತಹ ಪೆಟ್ಟಿಗೆಗಳಲ್ಲಿ ಕೇಳದ ಸಣ್ಣ ಗುಂಯ್‌ಕಾರವೊಂದು ಇಲ್ಲಿ ಸದಾ ಇದ್ದೇ ಇರುತ್ತದೆ. ಇದು ಸ್ವಭಾವವೇ ಹೊರತು ದೋಷವಲ್ಲ. ಇದನ್ನು ರೋಗವೆಂದು ಬಗೆದು ಪೆಟ್ಟಿಗೆಯನ್ನು ಬಿಚ್ಚಿಸುವುದು ವೃಥಾ ವ್ಯಯ.

ಇದಕ್ಕೆ ವ್ಯತಿರಿಕ್ತವಾಗಿ, 1985ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಪೂರ್ತಿ ಬೇರ್ಪಟ್ಟು, ರಬ್ಬರಿನ ಆಧಾರಗಳ ಮೇಲೆ ತೂಗುತ್ತ, ಒಂದು ಕಿರುಶಾಫ್ಟಿನ ಮೂಲಕ ಶಕ್ತಿಯನ್ನು ಪಡೆಯುತ್ತದೆ. ಹೀಗಾಗಿ ಆ ವಾಹನದಲ್ಲಿ ಶಾಫ್ಟುಗಳು ಮೂರು. ರಬ್ಬರು ಹಳತಾಗಿ ಕುಸಿದೊಡನೆಯೇ ಕಿರುಶಾಫ್ಟಿನ ಕೋನವು ಕೆಟ್ಟು, ಜಾಯಿಂಟುಗಳೆಲ್ಲ ಹೊಸವಾಗಿದ್ದರೂ ನಡುಕವು ತಲೆದೋರುವುದು.

ಶಬ್ದದ ಉತ್ಪತ್ತಿ

ತಿರುಗುವ ಪ್ರತಿಯೊಂದು ಅಂಗಕ್ಕೂ ತನ್ನದೇ ಆದ ವೇಗವಿರುವುದೆಂಬ ಸಂಗತಿಯೇ ರೋಗನಿರ್ಣಯದ ತಳಹದಿ. 6.00-16 ಅಳತೆಯ ಟಯರು ಒಂದು ಸುತ್ತಿಗೆ ಸುಮಾರು 2.2 ಮೀಟರು ಉರುಳುವುದೆಂದು ಹಿಡಿದರೆ, ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಚಕ್ರವು ಸೆಕೆಂಡಿಗೆ ಏಳೂವರೆ ಸುತ್ತು ತಿರುಗುತ್ತದೆ. ಸಿಜೆ-3ಬಿಯ ಆಕ್ಸಲಿನಲ್ಲಿ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಎಂದರೆ ಅನುಪಾತ 5.38. ಆದ್ದರಿಂದ ಅದೇ ಹೊತ್ತಿನಲ್ಲಿ ಪ್ರೊಪೆಲ್ಲರ್ ಶಾಫ್ಟು ಸೆಕೆಂಡಿಗೆ ಸುಮಾರು 40 ಸುತ್ತು ತಿರುಗಿದರೆ, ಕ್ರೌನು ಪಿನಿಯನ್ನುಗಳ ಹಲ್ಲುಗಳು ಸೆಕೆಂಡಿಗೆ 320ಕ್ಕೂ ಹೆಚ್ಚು ಸಲ ಒಂದನ್ನೊಂದು ಸಂಧಿಸುತ್ತವೆ. ಸೀಟಿನಲ್ಲಿ ಕುಳಿತವನಿಗೆ ಬಿಡಿಬಿಡಿಯಾಗಿ ತಿಳಿಯುವಷ್ಟು ನಿಧಾನವಾದ ಬಡಿತವು ಚಕ್ರದ್ದು, ನೆಲಹಾಸಿನಲ್ಲಿ ಪಾದಕ್ಕೆ ತಾಗುವ ಮರ್ಮರದಂತಹ ನಡುಕವು ಶಾಫ್ಟಿನದು, ಸ್ವರವಾಗಿ ಕಿವಿಗೆ ಕೇಳುವ ಗುಂಯ್‌ಕಾರವು ಹಲ್ಲುಗಳದು ಎಂಬ ಒಂದು ಸ್ಥೂಲ ವಿಂಗಡಣೆ ಇದರಿಂದ ಸಿದ್ಧವಾಗುತ್ತದೆ.

ಕ್ರಾಸ್ ಜಾಯಿಂಟಿನ ನಡತೆ ಇನ್ನಷ್ಟು ಸೂಕ್ಷ್ಮವಾದದ್ದು. ಕೋನದಲ್ಲಿ ತಿರುಗುವಾಗ ಅದರ ಹೊರಗಣ ಶಾಫ್ಟು ಒಂದು ಸುತ್ತಿನಲ್ಲಿ ಎರಡು ಬಾರಿ ವೇಗವಾಗಿ ಎರಡು ಬಾರಿ ನಿಧಾನವಾಗುತ್ತದೆ. ಕೋನವು 10 ಡಿಗ್ರಿಯಿದ್ದಾಗ ಈ ಏರಿಳಿತ ಶೇಕಡ 1.5ರಷ್ಟು ಮಾತ್ರವಾದರೂ, 30 ಡಿಗ್ರಿಗೆ ಬಂದಾಗ ಶೇಕಡ 13ನ್ನು ಮೀರುತ್ತದೆ. ಶಾಫ್ಟಿನ ಇನ್ನೊಂದು ಕೊನೆಯ ಜಾಯಿಂಟು ಅಷ್ಟೇ ಕೋನದಲ್ಲಿದ್ದು, ಎರಡು ಕೊನೆಗಳಲ್ಲಿ ಕ್ರಾಸನ್ನು ಹಿಡಿದಿರುವ ಕವೆಗಳಾದ ಯೋಕುಗಳು ಒಂದೇ ಸಮತಲದಲ್ಲಿ ಜೋಡಿತವಾಗಿದ್ದರೆ ಮಾತ್ರ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುವುದು. ಸ್ಪ್ಲೈನನ್ನು ಕಳಚಿ ಮರುಜೋಡಿಸುವಾಗ ಬಾಣದ ಗುರುತುಗಳನ್ನು ಸೇರಿಸದೆ ಒಂದು ಹಲ್ಲು ಆಚೀಚೆ ಕೂರಿಸಿದರೆ, ದುರಸ್ತಿಗೆ ಮೊದಲು ಇಲ್ಲದಿದ್ದ ನಡುಕವು ದುರಸ್ತಿಯ ಫಲವಾಗಿಯೇ ಬರುವುದು. ಸ್ಪ್ರಿಂಗು ಎತ್ತರಿಸಿದ ಜೀಪುಗಳಲ್ಲಿಯೂ, ಪಟ್ಟಿಗಳು ಜೋತು ಪಿನಿಯನ್ನಿನ ಮೂತಿಯ ಓರೆ ಬದಲಾದ ಜೀಪುಗಳಲ್ಲಿಯೂ ಕಾರಣ ಇದೇ.

ಪರೀಕ್ಷೆಯ ಕ್ರಮ

ಬಿಚ್ಚುವುದಕ್ಕೆ ಮೊದಲು ಓಡಿಸಿ ನೋಡತಕ್ಕದ್ದು. ಓಡಿಸುವಾಗ ಹೊರೆಯ ಮೂರು ಸ್ಥಿತಿಗಳನ್ನು ಬೇರ್ಪಡಿಸಿಕೊಳ್ಳಬೇಕು: ಆಕ್ಸಿಲರೇಟರನ್ನು ಒತ್ತಿದಾಗ ಎಂಜಿನ್ನು ಚಕ್ರವನ್ನು ತಿರುಗಿಸುವುದು ಎಳೆತ, ಕಾಲೆತ್ತಿದಾಗ ಚಕ್ರವೇ ಎಂಜಿನ್ನನ್ನು ತಿರುಗಿಸುವುದು ತಡೆತ, ಇವೆರಡರ ನಡುವೆ ಗೇರುಗಳ ಹಲ್ಲು ಯಾವ ಕಡೆಗೂ ಒತ್ತದೆ ತೇಲುವುದು ಸಮಸ್ಥಿತಿ. ಒಂದೇ ವೇಗದಲ್ಲಿ ಈ ಮೂರನ್ನೂ ಸಾಧಿಸಿ, ಶಬ್ದವು ಯಾವುದರಲ್ಲಿ ಏಳುವುದು ಯಾವುದರಲ್ಲಿ ಅಡಗುವುದು ಎಂಬುದನ್ನು ಗುರುತಿಸಿದರೆ, ಅರ್ಧ ಶೋಧನೆ ಮುಗಿದಂತೆ. ಬಳಿಕ ಅದೇ ವೇಗದಲ್ಲಿ ಗೇರು ಬದಲಿಸಿ ನೋಡಬೇಕು. ಶಬ್ದವು ಎಂಜಿನ್ನಿನ ವೇಗವನ್ನು ಅನುಸರಿಸಿದರೆ ಮೂಲವು ಗೇರ್‌ಬಾಕ್ಸಿನಲ್ಲಿಯೋ ಅದಕ್ಕಿಂತ ಮುಂದೆಯೋ ಇದೆ, ರಸ್ತೆಯ ವೇಗವನ್ನು ಅನುಸರಿಸಿದರೆ ಅದಕ್ಕಿಂತ ಹಿಂದೆ. ಟಾಪ್ ಗೇರಿನಲ್ಲಿ ಶಕ್ತಿಯು ಕೌಂಟರ್ ಶಾಫ್ಟನ್ನು ಬಿಟ್ಟು ನೇರವಾಗಿ ಹರಿಯುವುದರಿಂದ, ಉಳಿದ ಗೇರುಗಳಲ್ಲಿದ್ದ ಗರಗರ ಟಾಪಿನಲ್ಲಿ ತಗ್ಗಿದರೆ ಕೌಂಟರ್ ಶಾಫ್ಟಿನ ಗೇರು ಬೇರಿಂಗುಗಳ ಮೇಲೆ ಸಂಶಯ ಸಹಜ.

ಟಯರಿನ ಶಬ್ದವನ್ನು ಆರಂಭದಲ್ಲಿಯೇ ಹೊರಗಿಡುವುದು ವಿವೇಕ. ದಪ್ಪ ಕಟ್ಟೆಗಳ ಟಯರುಗಳು ಡಾಂಬರಿನ ಮೇಲೆ ಎಬ್ಬಿಸುವ ಊಳು, ಸವೆದ ಕ್ರೌನಿನ ಊಳನ್ನು ಬಹುವಾಗಿ ಹೋಲುತ್ತದೆ. ಆದರೆ ಅದು ಎಳೆತ ತಡೆತಗಳಿಗೆ ಬದಲಾಗದೆ ರಸ್ತೆಯ ಮೈ ಬದಲಾದೊಡನೆ ಬದಲಾಗುತ್ತದೆ.

ಮುಂಚಕ್ರಗಳನ್ನು ಆಕ್ಸಲ್ ಶಾಫ್ಟಿಗೆ ಕೂಡಿಸಿ ಬಿಡಿಸುವ ಲಾಕಿಂಗ್ ಹಬ್ಬುಗಳಿರುವ ಜೀಪಿನಲ್ಲಿ ಅವನ್ನು ಬಿಡಿಸಿದಾಗ ಮುಂದಿನ ಚಾಲನಪಂಕ್ತಿ ಪೂರ್ತಿಯಾಗಿ ನಿಲ್ಲುವುದರಿಂದ, ಶಬ್ದವೂ ಜೊತೆಯಲ್ಲಿ ನಿಂತರೆ ದೋಷ ಮುಂದಿನ ಕವಲಿನಲ್ಲಿದೆಯೆಂದು ತಿಳಿಯಬಹುದು. ಅಂತಹ ಹಬ್ಬುಗಳಿಲ್ಲದ ಪಕ್ಷದಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಕಳಚಿ ಓಡಿಸಬೇಕು. ತರುವಾಯ ಅದನ್ನು ಮರುಜೋಡಿಸಿ, ಹಿಂದಿನ ಶಾಫ್ಟನ್ನು ಕಳಚಿ, ಮುಂಚಕ್ರಗಳಿಂದಲೇ ನಿಧಾನವಾಗಿ ಓಡಿಸಿದರೆ ಇನ್ನೊಂದು ಕವಲಿನ ಸಾಕ್ಷ್ಯವೂ ದೊರೆಯುವುದು. ಇಲ್ಲೊಂದು ಎಚ್ಚರಿಕೆ ಅವಶ್ಯ: ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರಗಳಲ್ಲಿರದೆ ಟ್ರಾನ್ಸ್‌ಫರ್ ಕೇಸಿನ ಹಿಂಭಾಗದಲ್ಲಿರುವ ಕಾರಣ, ಹಿಂದಿನ ಶಾಫ್ಟನ್ನು ತೆಗೆದ ಕ್ಷಣದಲ್ಲಿ ಹ್ಯಾಂಡ್‌ಬ್ರೇಕು ಹಿಂಚಕ್ರಗಳನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ, ಆದ್ದರಿಂದ ಚಕ್ರಗಳಿಗೆ ಅಡೆ ಕೊಡದೆ ಇಳಿಜಾರಿನಲ್ಲಿ ಈ ಕೆಲಸಕ್ಕೆ ಕೈಹಾಕಕೂಡದು. ಅದೇ ಡ್ರಮ್ಮಿನೊಳಗಿನ ಶೂಗಳು ಸಡಿಲವಾಗಿ ಗಲಗಲ ಬಡಿದು, ಟ್ರಾನ್ಸ್‌ಫರ್ ಕೇಸಿನ ಮೇಲೆ ಸುಳ್ಳು ಅಪವಾದವನ್ನು ಹೊರಿಸುವುದೂ ಉಂಟು.

ನಿಂತ ವಾಹನದ ಕೆಳಗೆ ಮಲಗಿ ಮಾಡುವ ಪರೀಕ್ಷೆಗಳು ಇದರ ಮುಂದಿನ ಹಂತ. ಗೇರಿನಲ್ಲಿಟ್ಟು ಚಕ್ರಗಳಿಗೆ ಅಡೆ ಕೊಟ್ಟು, ಪ್ರೊಪೆಲ್ಲರ್ ಶಾಫ್ಟನ್ನು ಕೈಯಿಂದ ಎರಡೂ ದಿಕ್ಕಿಗೆ ತಿರುಚಿದಾಗ ಪ್ಲೇ, ಎಂದರೆ ಸಡಿಲು, ಯಾವ ಜಾಗದಲ್ಲಿದೆಯೆಂಬುದು ಕಣ್ಣಿಗೇ ಕಾಣುತ್ತದೆ. ಪಿನಿಯನ್ನಿನ ಯೋಕನ್ನು ಮೇಲೆ ಕೆಳಗೆ ಅಲುಗಿಸಿದಾಗ ಅದು ಕದಲಿದರೆ ಬೇರಿಂಗು ಸವೆದಿದೆ ಇಲ್ಲವೇ ನಟ್ಟು ಸಡಿಲಾಗಿದೆ. ಚಕ್ರವನ್ನು ಜಾಕಿನ ಮೇಲೆತ್ತಿ ಕೈಯಿಂದ ತಿರುಗಿಸುತ್ತ ಸ್ಪ್ರಿಂಗಿನ ಮೇಲೆ ಇನ್ನೊಂದು ಕೈಯಿಟ್ಟರೆ ಹಬ್ಬಿನ ಬೇರಿಂಗಿನ ಒರಟುತನ ಬೆರಳಿಗೆ ಹತ್ತುವುದು. ಕೊನೆಯದಾಗಿ, ಬಸಿದು ತೆಗೆದ ಎಣ್ಣೆಯೂ ಸಾಕ್ಷಿಯೇ: ನುಣ್ಣನೆಯ ಲೋಹದ ಹುಡಿ ವಯಸ್ಸಿನ ಲಕ್ಷಣ, ಚಕ್ಕೆಗಳು ಅಪಾಯದ ಲಕ್ಷಣ, ಹಾಲಿನಂತೆ ಬಿಳುಪೇರಿದ ಎಣ್ಣೆ ನೀರು ಹೊಕ್ಕುದರ ಲಕ್ಷಣ. ಮಳೆಗಾಲದಲ್ಲಿ ಹಳ್ಳ ದಾಟುವ ಜೀಪುಗಳಲ್ಲಿ, ಬಿಸಿಯಾದ ಹೌಸಿಂಗು ತಣ್ಣೀರಿನಲ್ಲಿ ಒಮ್ಮೆಲೇ ತಂಪಾಗಿ ಒಳಗಿನ ಗಾಳಿ ಕುಗ್ಗಿದಾಗ ಸೀಲುಗಳ ಮೂಲಕವೂ ಬ್ರೀದರಿನ ಮೂಲಕವೂ ನೀರು ಒಳಸೇರುವುದು ಸಾಮಾನ್ಯ.

ಶಬ್ದಗಳ ಬಗೆಗಳು

ಗುಂಯ್‌ಕಾರವು ಎಳೆತದಲ್ಲಿ ಮಾತ್ರವೋ ತಡೆತದಲ್ಲಿ ಮಾತ್ರವೋ ಕೇಳಿದರೆ, ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳ ಒಂದು ಪಾರ್ಶ್ವವು ಸವೆದಿದೆ ಅಥವಾ ಅವುಗಳ ಕೂಡುವಿಕೆ ತಪ್ಪಿದೆ. ತಡೆತದಲ್ಲಿ ಒರಟಾಗಿ ಏಳುವ ಧ್ವನಿಯು ಪಿನಿಯನ್ನಿನ ಬೇರಿಂಗು ಹಿಡಿತ ಕಳೆದುಕೊಂಡುದನ್ನೂ ಸೂಚಿಸಬಹುದು. ಮುಂದಿನ ಆಕ್ಸಲಿನ ವಿಷಯದಲ್ಲಿ ಒಂದು ವೈಪರೀತ್ಯವನ್ನು ನೆನಪಿಡಬೇಕು: ಜೀಪು ಮುಂದಕ್ಕೆ ಚಲಿಸುವಾಗ ಅಲ್ಲಿನ ಕ್ರೌನಿನ ಹಲ್ಲುಗಳು ಹಿಂದಿನ ಆಕ್ಸಲಿನಲ್ಲಿ ತಡೆತಕ್ಕೆ ಮೀಸಲಾದ ಪಾರ್ಶ್ವದಿಂದಲೇ ಎಳೆಯುವುದರಿಂದ, ಹಿಂದಿನದಕ್ಕೆ ಹೇಳಿದ ಲಕ್ಷಣಗಳನ್ನು ಮುಂದಿನದಕ್ಕೆ ಯಥಾವತ್ತಾಗಿ ಅನ್ವಯಿಸಬಾರದು. ಹೊರೆ ಬದಲಾದರೂ ಬದಲಾಗದೆ ವೇಗದೊಂದಿಗೆ ಮಾತ್ರ ಏರುವ ಗರಗರ ಧ್ವನಿಯು ಬೇರಿಂಗಿನದು. ಪಿನಿಯನ್ನಿನ ಬೇರಿಂಗು ಶಾಫ್ಟಿನ ವೇಗದಲ್ಲಿ ತೀವ್ರವಾಗಿಯೂ, ಡಿಫರೆನ್ಷಿಯಲಿನ ಪಕ್ಕದ ಬೇರಿಂಗು ಹಾಗೂ ಚಕ್ರದ ಬೇರಿಂಗು ಚಕ್ರದ ವೇಗದಲ್ಲಿ ಮಂದ್ರವಾಗಿಯೂ ಕೇಳುತ್ತವೆ. ಖಾಲಿ ರಸ್ತೆಯಲ್ಲಿ ಸ್ಟೀರಿಂಗನ್ನು ಮೆಲ್ಲಗೆ ಎಡಬಲಕ್ಕೆ ಓಲಿಸಿದಾಗ ಭಾರವು ಒಂದು ಪಕ್ಕಕ್ಕೆ ವಾಲಿ ಧ್ವನಿ ಬದಲಾದರೆ, ಅದು ಚಕ್ರದ ಬೇರಿಂಗೇ. ನೇರ ಓಟದಲ್ಲಿ ಮೌನವಾಗಿದ್ದು ತಿರುವಿನಲ್ಲಿ ಮಾತ್ರ ಕೇಳುವ ಶಬ್ದವು ಡಿಫರೆನ್ಷಿಯಲಿನ ಒಳಗೇರುಗಳದು.

ಹೊರಡುವಾಗಲೂ, ಮುಂಚಲನೆಯಿಂದ ಹಿಂಚಲನೆಯ ಗೇರಿಗೆ ಬದಲಿಸುವಾಗಲೂ ಕೇಳುವ ಒಂಟಿ ಠಕ್ಕೆಂಬ ಪೆಟ್ಟು ಎಲ್ಲಕ್ಕಿಂತ ಸಾಮಾನ್ಯವೂ, ಎಲ್ಲಕ್ಕಿಂತ ತಪ್ಪಾಗಿ ಅರ್ಥೈಸಲ್ಪಡುವುದೂ ಆಗಿದೆ. ಅನೇಕ ಸಣ್ಣ ಪ್ಲೇಗಳ ಮೊತ್ತವೇ ಅದು: ಕ್ರಾಸಿನ ಸೂಜಿ ಬೇರಿಂಗು, ಒಣಗಿದ ಸ್ಪ್ಲೈನು, ಸಡಿಲ ಯು-ಬೋಲ್ಟು, ಸವೆದ ಶ್ಯಾಕಲ್ ಬುಷ್ಷು, ಕ್ರೌನಿನ ಹಲ್ಲುಗಳ ನಡುವಣ ಅಂತರ, ಎಲ್ಲವೂ ಅದರಲ್ಲಿ ಪಾಲುದಾರರು. ಸಿಜೆ-3ಬಿಯ ಹಿಂದಿನ ಆಕ್ಸಲಿನಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ: ಅಲ್ಲಿ ಹಬ್ಬು ಆಕ್ಸಲ್ ಶಾಫ್ಟಿನ ಮೊನಚಾದ ಕೊನೆಯ ಮೇಲೆ ಒಂದು ಕೀ ಹಾಗೂ ದೊಡ್ಡ ನಟ್ಟಿನ ಬಲದಿಂದ ಕುಳಿತಿದೆ. ನಟ್ಟು ಸ್ವಲ್ಪ ಸಡಿಲಾದರೂ ಹಬ್ಬು ಕೀಯ ಮೇಲೆ ಕದಲಿ ಟಕ್ಕೆನ್ನುತ್ತದೆ. ಉಪೇಕ್ಷಿಸಿದರೆ ಕೀ ತುಂಡಾಗಿ ಚಕ್ರಕ್ಕೆ ಶಕ್ತಿಯೇ ಹೋಗದು. ಕ್ರೌನನ್ನು ಬಿಚ್ಚುವ ಮೊದಲು ಈ ನಟ್ಟನ್ನು ನೋಡದವನು ಮೆಕ್ಯಾನಿಕ್ಕನಲ್ಲ.

ನಿಧಾನ ಓಟದಲ್ಲಿ ಶಾಫ್ಟಿನ ಸುತ್ತಿಗೆ ತಕ್ಕಂತೆ ಕಿಚಕಿಚ ಕೂಗುವುದು ಗ್ರೀಸಿಲ್ಲದ ಕ್ರಾಸ್. ಕಪ್ಪಿನ ಅಂಚಿನಲ್ಲಿ ಕೆಂಪು ತುಕ್ಕಿನ ಹುಡಿ ಕಂಡರೆ ಅದರ ಆಯುಷ್ಯ ಮುಗಿದಿದೆ. ಮುಂದಿನ ಚಕ್ರಗಳನ್ನು ಪೂರ್ತಿ ಹೊರಳಿಸಿ ನಾಲ್ಕು ಚಕ್ರದ ಚಾಲನೆಯಲ್ಲಿ ಓಡಿಸಿದಾಗ ಬರುವ ಕಟಕಟ ನಕಲ್ಲಿನೊಳಗಿನ ಜಾಯಿಂಟಿನದು. ಒಣ ಡಾಂಬರಿನ ಮೇಲೆ ನಾಲ್ಕು ಚಕ್ರಗಳನ್ನು ಕೂಡಿಸಿ ತಿರುಗಿದಾಗ ಕೇಳುವ ಢಣ್ಣೆಂಬ ಸಿಡಿತ ಮಾತ್ರ ಬೇರೆ ಜಾತಿಯದು: ಮಧ್ಯದ ಡಿಫರೆನ್ಷಿಯಲಿಲ್ಲದ ಈ ವ್ಯವಸ್ಥೆಯಲ್ಲಿ ಮುಂದಿನ ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಕ್ರಮಿಸಬೇಕಾಗಿ ಬಂದು ಶಾಫ್ಟುಗಳಲ್ಲಿ ತಿರುಚು ಕೂಡಿಕೊಂಡು, ಯಾವುದೋ ಒಂದು ಟಯರು ಜಾರಿದೊಡನೆ ಅದು ಬಿಡುಗಡೆಯಾಗುತ್ತದೆ. ಬಿಡಿಭಾಗಗಳಲ್ಲಿ ದೋಷವಿಲ್ಲ, ಬಳಕೆಯಲ್ಲಿದೆ. ಟಯರುಗಳ ಅಳತೆ ಬೇರೆ ಬೇರೆಯಾಗಿದ್ದರೆ ನೇರ ರಸ್ತೆಯಲ್ಲಿಯೂ ಹೀಗಾಗುವುದು.

ದುರಸ್ತಿ

ಅಗ್ಗದ ಕೆಲಸಗಳನ್ನು ಮೊದಲು ಮುಗಿಸಬೇಕು. ಶಾಫ್ಟಿಗೆ ಮೆತ್ತಿ ಒಣಗಿದ ಕೆಸರನ್ನು ಕೆರೆದು ತೊಳೆಯುವುದು, ಕೊಳವೆ ಜಜ್ಜಿದೆಯೇ, ಸಮತೋಲಕ್ಕೆಂದು ಬೆಸೆದ ತುಣುಕು ಉದುರಿದೆಯೇ ಎಂದು ನೋಡುವುದು, ಬೋಲ್ಟುಗಳನ್ನು ಬಿಗಿಯುವುದು, ಹಳೆಯ ಗ್ರೀಸು ನಾಲ್ಕು ಕಪ್ಪುಗಳಿಂದಲೂ ಹೊರಬರುವ ತನಕ ಹೊಸ ಗ್ರೀಸನ್ನು ಹೊಡೆಯುವುದು, ಇಷ್ಟರಿಂದಲೇ ಶಮನವಾಗುವ ದೂರುಗಳು ಕಡಿಮೆಯಲ್ಲ. ಕ್ರಾಸನ್ನು ಬದಲಿಸುವಾಗ ಸುತ್ತಿಗೆಯ ಹೊಡೆತಕ್ಕಿಂತ ವೈಸಿನ ಒತ್ತಡ ಲೇಸು. ಕಪ್ಪಿನೊಳಗೆ ಒಂದೇ ಒಂದು ಸೂಜಿ ಅಡ್ಡಬಿದ್ದರೂ ಸರ್ಕ್ಲಿಪ್ಪು ತನ್ನ ತೋಡಿನಲ್ಲಿ ಕೂರದು. ಶಾಫ್ಟಿನ ಕೋನ ಕೆಟ್ಟಿದ್ದರೆ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಓರೆಬಿಲ್ಲೆಗಳನ್ನಿಟ್ಟು ಪಿನಿಯನ್ನಿನ ಮೂತಿಯನ್ನು ಸರಿಪಡಿಸುವರು.

ಸ್ಪೈಸರ್ 18ರಲ್ಲಿ ಬೇಗ ಸವೆಯುವುದು ಮಧ್ಯಂತರ ಗೇರಿನ ಶಾಫ್ಟೂ ಅದರ ಮೇಲಿನ ಸೂಜಿ ಬೇರಿಂಗುಗಳೂ. ಯುದ್ಧಕಾಲದ ಮುಕ್ಕಾಲು ಅಂಗುಲ ವ್ಯಾಸದ ಶಾಫ್ಟನ್ನು ಮುಂದೆ ಒಂದು ಅಂಗುಲ ಮೀರಿಸಿ ಎರಡು ಸಲ ದಪ್ಪಗೊಳಿಸಿದುದೇ ಇದಕ್ಕೆ ನಿದರ್ಶನ. ಬಿಡಿಭಾಗ ಕೊಳ್ಳುವಾಗ ವ್ಯಾಸವನ್ನು ಅಳೆದೇ ಕೊಳ್ಳಬೇಕು.

ಕ್ರೌನ್ ಮತ್ತು ಪಿನಿಯನ್ನಿನ ಜೋಡಣೆ ನಿಪುಣನ ಕೆಲಸ. ಇವೆರಡನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿ ಒಂದೇ ಅಂಕಿಯನ್ನು ಕೊರೆದಿರುವುದರಿಂದ, ಒಂದು ಜೋಡಿಯ ಕ್ರೌನಿಗೆ ಇನ್ನೊಂದು ಜೋಡಿಯ ಪಿನಿಯನ್ನನ್ನು ಎಂದಿಗೂ ಕೂಡಿಸಲಾಗದು. ಶಿಮ್ಮುಗಳ ಮೂಲಕ ಪಿನಿಯನ್ನಿನ ಆಳ, ಅದರ ಬೇರಿಂಗುಗಳ ಮುನ್‌ಬಿಗಿತ, ಕ್ರೌನಿನ ಪಕ್ಕಚಲನೆ ಇವನ್ನು ಅನುಕ್ರಮವಾಗಿ ಹೊಂದಿಸಿ, ಹಲ್ಲುಗಳ ನಡುವಣ ಅಂತರವನ್ನು ಕೈಪಿಡಿಯಲ್ಲಿ ಹೇಳಿದಂತೆ, ಸಾಮಾನ್ಯವಾಗಿ 0.10ರಿಂದ 0.23 ಮಿಲಿಮೀಟರಿನೊಳಗೆ, ಡಯಲ್ ಗೇಜಿನಿಂದ ಅಳೆದು ನಿಲ್ಲಿಸಬೇಕು. ಆಮೇಲೆ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿದಾಗ ಮೂಡುವ ಗುರುತೇ ಅಂತಿಮ ತೀರ್ಪು: ಗುರುತು ಹಲ್ಲಿನ ಬುಡಕ್ಕೆ ಇಳಿದಿದ್ದರೆ ಪಿನಿಯನ್ನು ಕ್ರೌನಿಗೆ ಅತಿ ಸಮೀಪವಾಗಿದೆ, ತುದಿಗೆ ಏರಿದ್ದರೆ ದೂರವಾಗಿದೆ. ಸಹಸ್ರಾರು ಮೈಲು ಒಂದೇ ಸ್ಥಾನದಲ್ಲಿ ಸವೆದು ಒಗ್ಗಿಕೊಂಡ ಹಳೆಯ ಜೋಡಿಯನ್ನು, ಗುರುತು ಚೆಂದವಾಗಲೆಂದು ಹೊಸ ಸ್ಥಾನಕ್ಕೆ ಸರಿಸಿದರೆ ಧ್ವನಿ ಹೆಚ್ಚುವುದೇ ಹೊರತು ತಗ್ಗದು. ಬೇರಿಂಗುಗಳನ್ನು ಮಾತ್ರ ಬದಲಿಸಿ ಹಳೆಯ ಅಂತರವನ್ನೇ ಕಾಯ್ದುಕೊಳ್ಳುವುದು ಅಂತಹ ಸಂದರ್ಭದಲ್ಲಿ ಮೇಲು.

ಎಣ್ಣೆ

ಹೈಪಾಯ್ಡ್ ಆಕ್ಸಲುಗಳಿಗೆ ಜಿಎಲ್-5 ದರ್ಜೆಯ 90ರ ಗೇರ್ ಆಯಿಲ್ ಒಪ್ಪುತ್ತದೆ. ಆದರೆ ಅದರಲ್ಲಿನ ಗಂಧಕ ಮತ್ತು ರಂಜಕದ ಸಂಯುಕ್ತಗಳು ಹಳೆಯ ಗೇರ್‌ಬಾಕ್ಸುಗಳ ಹಿತ್ತಾಳೆ, ಕಂಚಿನ ಭಾಗಗಳನ್ನು ತಿನ್ನಬಹುದಾದ್ದರಿಂದ ಅಲ್ಲಿ ಜಿಎಲ್-4 ಲೇಸು. ವಿಲ್ಲಿಸ್ ಜೀಪುಗಳಲ್ಲಿ ಗೇರ್‌ಬಾಕ್ಸಿಗೂ ಟ್ರಾನ್ಸ್‌ಫರ್ ಕೇಸಿಗೂ ನಡುವಣ ಸೀಲು ಸವೆದಾಗ ಎಣ್ಣೆಯು ಒಂದರಿಂದ ಇನ್ನೊಂದಕ್ಕೆ ವಲಸೆ ಹೋಗಿ, ನೆಲಕ್ಕೆ ಒಂದು ತೊಟ್ಟೂ ಬೀಳದೆ ಗೇರ್‌ಬಾಕ್ಸು ಬತ್ತುತ್ತದೆ. ಎರಡರ ಮಟ್ಟವನ್ನೂ ಒಟ್ಟಿಗೆ ನೋಡುವುದು ಈ ಕಾರಣದಿಂದ. ಶಬ್ದವನ್ನು ಮುಚ್ಚಲೆಂದು ಎಣ್ಣೆಗೆ ಮರದ ಹೊಟ್ಟನ್ನೋ ದಪ್ಪ ಗ್ರೀಸನ್ನೋ ಬೆರೆಸುವುದು ಮಾರಾಟದ ಕುಯುಕ್ತಿ. ಅದು ಬೇರಿಂಗುಗಳಿಗೆ ಎಣ್ಣೆ ತಲುಪದಂತೆ ಮಾಡುವುದು.

ಇಂದಿನ ಸ್ಥಿತಿ

ಸರಪಳಿಯಿಂದ ನಡೆಯುವ ಟ್ರಾನ್ಸ್‌ಫರ್ ಕೇಸುಗಳೂ, ಸ್ವತಂತ್ರ ಸ್ಪ್ರಿಂಗುಗಳ ಮುಂಚಕ್ರಗಳೂ, ಸಮವೇಗದ ಜಾಯಿಂಟುಗಳೂ ವ್ಯಾಪಕವಾದ ಮೇಲೆ ಹೊಸ ವಾಹನಗಳಲ್ಲಿ ಮೇಲೆ ಹೇಳಿದ ಅನೇಕ ದೋಷಗಳು ವಿರಳವಾಗಿವೆ. ಶೋಧನೆಗೆ, ಚಾಸಿಯ ಬೇರೆ ಬೇರೆ ಕಡೆ ಕಚ್ಚಿಸಿದ ಮೈಕ್ರೊಫೋನುಗಳ ಧ್ವನಿಯನ್ನು ಓಡುತ್ತಿರುವಾಗಲೇ ಆಲಿಸುವ ಉಪಕರಣಗಳೂ, ಕಂಪನದ ಆವರ್ತವನ್ನು ತೋರಿಸುವ ಮೊಬೈಲು ಸಾಧನಗಳೂ ಲಭ್ಯ. ಆದರೂ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಹೌಸಿಂಗಿಗೆ ಆನಿಸಿ ಹಿಡಿಯನ್ನು ಕಿವಿಗೊತ್ತುವ ಪದ್ಧತಿ ವರ್ಕ್‌ಷಾಪುಗಳಿಂದ ಮಾಯವಾಗಿಲ್ಲ. ವಿಲ್ಲಿಸ್ ವಂಶದ ಜೀಪುಗಳ ಕ್ರಾಸು, ಬೇರಿಂಗು, ಸೀಲು, ಕ್ರೌನ್ ಮತ್ತು ಪಿನಿಯನ್ನುಗಳು ಭಾರತದಲ್ಲಿ ಇನ್ನೂ ತಯಾರಾಗುತ್ತವೆ, ಬೆಂಗಳೂರಿನ ಜೆ. ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಗಳಲ್ಲಿ ದೊರೆಯುತ್ತವೆ. ಆದರೆ ಗುಣಮಟ್ಟ ಏಕರೂಪವಾಗಿಲ್ಲದ ಕಾರಣ ಹೊಸ ಕ್ರೌನಿಗಿಂತ ಸವೆಯದ ಹಳೆಯ ಜೋಡಿಯನ್ನೇ ಗುಜರಿಯಿಂದ ಆರಿಸುವವರುಂಟು. ಮೂಲ ಪೆಟ್ರೋಲ್ ಎಂಜಿನ್ನನ್ನು ತೆಗೆದು ಡೀಸೆಲ್ ಎಂಜಿನ್ನು ಕೂರಿಸಿದ ಜೀಪುಗಳಲ್ಲಿ ತಿರುಗುಬಲದ ಏರಿಳಿತ ಹೆಚ್ಚಾಗಿ, ನಿಂತಾಗಲೇ ಗೇರುಗಳು ಗಲಗಲಿಸುವ ಹೊಸ ಬಗೆಯ ಶಬ್ದವೊಂದು ಸೇರಿಕೊಂಡಿದೆ. ಕ್ಲಚ್ಚನ್ನು ಒತ್ತಿದಾಗ ಅದು ನಿಂತರೆ ಮೂಲವು ಕ್ಲಚ್ ಪ್ಲೇಟಿನ ಸ್ಪ್ರಿಂಗುಗಳಲ್ಲಿಯೋ ಗೇರ್‌ಬಾಕ್ಸಿನ ಮೊದಲ ಶಾಫ್ಟಿನಲ್ಲಿಯೋ ಇರುತ್ತದೆ.